ಮಕ್ಕಳು ಕರೆದೊಯ್ಯುವ ‘ಬಿಸ್ಟ್ರೋ’ ಮತ್ತು ನಮ್ಮ ಜನವರಿಯ ಅವರೆ ಊಟ



ಕಳೆದ ಕೆಲವು ತಿಂಗಳಿಂದ ಸಂಘದ ಹಿರಿಯ ಸದಸ್ಯರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ನಮ್ಮ ಮುಂದೆ ಇಡುತ್ತಿದ್ದಾರೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನೋ ಮಗಳೋ ಹುಟ್ಟುಹಬ್ಬಕ್ಕೆಂದು ಒಂದು ಸಣ್ಣ ಊಟದ ಮನೆಗೆ ಕರೆದೊಯ್ಯುತ್ತಾರೆ. ಅಲ್ಲಿ ಇಪ್ಪತ್ತೋ ಇಪ್ಪತ್ತೈದೋ ಕುರ್ಚಿ. ಮೆನು ಅರ್ಧ ಹಾಳೆ, ಅದರಲ್ಲೂ ಎರಡು ಬಾಬತ್ತು ಆಗಲೇ ಮುಗಿದಿದೆ ಎನ್ನುತ್ತಾರೆ. ಹೋದ ಸಲ ತಿಂದು ಇಷ್ಟಪಟ್ಟದ್ದನ್ನು ಕೇಳಿದರೆ, ‘ಅದರ ಕಾಲ ಮುಗಿಯಿತು ಸಾರ್’ ಎಂಬ ಉತ್ತರ. ಪಕ್ಕದ ಮೇಜಿನವರ ಲೋಟದಲ್ಲಿ ಗಂಜಿ ತಿಳಿಯಂತೆ ಮಬ್ಬುಮಬ್ಬಾದ ವೈನ್. ಬಿಲ್ಲು ಬಂದಾಗ ಮಗ ಅದನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾನೆ, ಅಪ್ಪ ಹೇಗೋ ಮಾಡಿ ನೋಡಿಯೇ ಬಿಡುತ್ತಾರೆ. ಮಾರನೆಯ ದಿನ ನಮಗೆ ಫೋನು: ‘ಸೆಕ್ರೆಟರಿಗಳೇ, ನಾಲ್ಕು ಎಲೆ ಸೊಪ್ಪಿಗೆ ಇಷ್ಟೊಂದು ದುಡ್ಡೇ? ಏನಿದು ವ್ಯವಹಾರ?’

ಇದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದೂ ಅಲ್ಲದೆ, ಜನವರಿಯಲ್ಲಿ ಸಂಘ ನಡೆಸುವ ಅವರೆಕಾಯಿ ಊಟದ ಬಗ್ಗೆ ಕಾರ್ಯಕಾರಿ ಸಮಿತಿ ಈ ತಿಂಗಳು ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಎರಡು ವಿಷಯವೂ ಮೂಲದಲ್ಲಿ ಒಂದೇ ಎಂದು ನಮಗೆ ಕಂಡದ್ದರಿಂದ ಒಟ್ಟಿಗೆ ಬರೆಯುತ್ತಿದ್ದೇವೆ.

ಬಿಸ್ಟ್ರೋ ಎಂದರೆ

ಬಿಸ್ಟ್ರೋ ಎಂಬುದು ಫ್ರಾನ್ಸಿನ ಮಾತು. ಪ್ಯಾರಿಸ್ಸಿನಲ್ಲಿ ಗಂಡ ಹೆಂಡತಿ ಸೇರಿ ನಡೆಸುವ, ನಾಲ್ಕು ಮೇಜಿನ, ಮನೆ ಅಡುಗೆಯ ಸಣ್ಣ ಹೋಟೆಲಿಗೆ ಹಾಗೆ ಕರೆಯುತ್ತಿದ್ದರು. 1814ರಲ್ಲಿ ಪ್ಯಾರಿಸ್ಸಿಗೆ ನುಗ್ಗಿದ ರಷ್ಯಾದ ಸಿಪಾಯಿಗಳು ‘ಬೇಗ, ಬೇಗ’ ಎಂದು ತಮ್ಮ ಭಾಷೆಯಲ್ಲಿ ಕೂಗಿದ್ದರಿಂದ ಈ ಹೆಸರು ಬಂತು ಎಂದು ಒಂದು ಕಥೆ ಉಂಟು. ಕಥೆ ಚೆನ್ನಾಗಿದೆ, ಆದರೆ ಭಾಷಾತಜ್ಞರು ಒಪ್ಪುವುದಿಲ್ಲ, ಏಕೆಂದರೆ ಆ ಪದ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕಾದರೆ ಉತ್ತರ ಕರ್ನಾಟಕದ ಖಾನಾವಳಿ, ನಮ್ಮ ಮೆಸ್ಸು, ಬೆಂಗಳೂರಿನ ಹಳೆಯ ಮಿಲಿಟರಿ ಹೋಟೆಲು ಇವೆಲ್ಲ ಆ ಜಾತಿಯವೇ. ಬೇಯಿಸುವವರ ಮುಖ ಕಾಣುತ್ತದೆ, ಇವತ್ತು ಏನಿದೆಯೋ ಅದನ್ನು ತಿನ್ನಬೇಕು, ಹೊತ್ತು ಮೀರಿದರೆ ‘ಊಟ ಮುಗಿದಿದೆ’ ಎಂಬ ಬೋರ್ಡು.

ಇದಕ್ಕೆ ‘ಋತುಮಾನ’ ಎಂಬ ವಿಶೇಷಣ ಸೇರಿಕೊಂಡದ್ದು ಈಚೆಗೆ. 1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನಲ್ಲಿ ಆಲಿಸ್ ವಾಟರ್ಸ್ ಎಂಬಾಕೆ ‘ಶೆ ಪನೀಸ್’ ಎಂಬ ಹೋಟೆಲು ತೆರೆದರು. ದಿನಕ್ಕೆ ಒಂದೇ ಊಟ. ಹತ್ತಿರದ ರೈತರಲ್ಲಿ ಆ ದಿನ ಏನು ಚೆನ್ನಾಗಿ ಸಿಕ್ಕಿತೋ ಅದರದ್ದೇ ಅಡುಗೆ. ಈಗ ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ಇರುವ ಋತುಮಾನದ ಊಟದ ಮನೆಗಳು ಬಹಳಷ್ಟು ಆ ದಾರಿಯಲ್ಲೇ ನಡೆದವು.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಉತ್ತರಕ್ಕಿರುವ ‘ಫಾರ್ಮ್‌ಲೋರ್’. ಬಾಗಲೂರಿನ ಬಳಿ ಎಂದು ಹೇಳಿದ ಕೂಡಲೇ ನಮ್ಮ ಸದಸ್ಯರೊಬ್ಬರು ‘ನಮ್ಮ ಬಾಗಲೂರೇ?’ ಎಂದು ಹಿಗ್ಗಿದರು. ಅಲ್ಲ, ಹೊಸೂರಿನ ಬಾಗಲೂರಲ್ಲ, ಯಲಹಂಕದ ಕಡೆಯ ಬಾಗಲೂರು. ಸುಮಾರು 37 ಎಕರೆ ತೋಟದ ನಡುವೆ, ಒಮ್ಮೆಗೆ ಸುಮಾರು 18 ಜನರಿಗಷ್ಟೆ ಊಟ. ಜಾನ್ಸನ್ ಎಬನೇಜರ್ ಎಂಬ ಬಾಣಸಿಗರು ನಡೆಸುವ ಅಡುಗೆಮನೆ. ತೋಟದಲ್ಲಿ ಮತ್ತು ಸುತ್ತಮುತ್ತ ಬೆಳೆದದ್ದನ್ನು ನೋಡಿಕೊಂಡು ಮೆನು ಬರೆಯುತ್ತಾರೆ, ಸೌದೆ ಒಲೆಯಲ್ಲಿ ಬೇಯಿಸುತ್ತಾರೆ. ಇದನ್ನು ಬಿಸ್ಟ್ರೋ ಎನ್ನಲಾಗದು, ಅದಕ್ಕಿಂತ ಮೇಲಿನ ದರ್ಜೆಯದು. ಆದರೆ ನಗರದೊಳಗಿನ ಸಣ್ಣ ಬಿಸ್ಟ್ರೋಗಳೂ ಇದೇ ನಿಯಮವನ್ನು ಕಡಿಮೆ ಪ್ರಮಾಣದಲ್ಲಿ ಪಾಲಿಸುತ್ತವೆ.

ಇಲ್ಲಿ ಒಂದು ತಮಾಷೆ ಗಮನಿಸಬೇಕು. ನಮ್ಮ ಉಡುಪಿ ಹೋಟೆಲುಗಳ ಹೆಮ್ಮೆ ಇದಕ್ಕೆ ಪೂರ್ತಿ ಉಲ್ಟಾ. ಯಾವ ತಿಂಗಳು ಹೋದರೂ ಅದೇ ಮಸಾಲೆ ದೋಸೆ, ಅದೇ ರುಚಿ. ಬದಲಾದರೆ ಗಿರಾಕಿಗಳು ಜಗಳಕ್ಕೆ ಬರುತ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆ ಆಷಾಢದಲ್ಲೂ ಮಾಘದಲ್ಲೂ ಒಂದೇ. ಋತು ಬದಲಾಗುತ್ತಿದ್ದದ್ದು ಮನೆಯ ಅಡುಗೆಯಲ್ಲಿ ಮಾತ್ರ. ಮಳೆ ಬಿದ್ದ ಮೇಲೆ ಹೊಲದ ಬದುವಿನ ಅಣ್ಣೆಸೊಪ್ಪು, ಬೆರಕೆ ಸೊಪ್ಪಿನ ಮಸ್ಸೊಪ್ಪು. ಗುಡುಗಿನ ಮಾರನೆಯ ದಿನ ಅಣಬೆ. ಕಾರ್ತಿಕದಲ್ಲಿ ಹಸಿ ಕಡಲೆಕಾಯಿ. ಬೇಸಿಗೆಯಲ್ಲಿ ಹಲಸಿನ ಬೀಜ ಹಾಕಿದ ಸಾರು. ಯಾವ ಮೆನು ಕಾರ್ಡೂ ಇಲ್ಲದೆ ಅಮ್ಮಂದಿರು ಇದನ್ನು ನಡೆಸಿಕೊಂಡು ಬಂದರು. ಆದ್ದರಿಂದ ಬಿಸ್ಟ್ರೋ ಎಂದರೆ ಮನೆಯ ಪದ್ಧತಿಯನ್ನು ಹೋಟೆಲಿಗೆ ತಂದು ಕೂರಿಸಿದ್ದು ಎಂದು ತಿಳಿದರೆ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಉಳಿದರ್ಧ ಗೊಂದಲ ದುಡ್ಡಿನದು. ನಾವು ಗುಮಾಸ್ತಿಕೆ ಮಾಡಿದವರಾದ್ದರಿಂದ ಲೆಕ್ಕ ಹಾಕದೆ ಬಿಡುವುದಿಲ್ಲ. ಇನ್ನೂರು ಜನ ಬಂದು ಹೋಗುವ ದರ್ಶಿನಿಯಲ್ಲಿ ಬಾಡಿಗೆ, ಸಂಬಳ, ಕರೆಂಟು ಇನ್ನೂರು ತಲೆಗೆ ಹಂಚಿಹೋಗುತ್ತದೆ, ಅದೂ ದಿನಕ್ಕೆ ಹಲವು ಬಾರಿ. ಇಪ್ಪತ್ತು ಕುರ್ಚಿಯ ಜಾಗದಲ್ಲಿ ಅದೇ ಖರ್ಚನ್ನು ಇಪ್ಪತ್ತೇ ಜನ ಹೊರಬೇಕು, ಒಬ್ಬೊಬ್ಬರು ಎರಡು ಗಂಟೆ ಕೂರುತ್ತಾರೆ. ಜೊತೆಗೆ, ರೈತನಿಂದ ಎಂಟು ಕಿಲೋ ಟೊಮ್ಯಾಟೊ ಬಿಡಿಯಾಗಿ ಕೊಳ್ಳುವವನಿಗೆ ಮಂಡಿಯ ಸಗಟು ದರ ಸಿಗುವುದಿಲ್ಲ. ಮೆನು ಚಿಕ್ಕದಾಗಿರುವುದಕ್ಕೂ ಇದೇ ಕಾರಣ. ಇಪ್ಪತ್ತು ಜನಕ್ಕೆ ನಲವತ್ತು ಬಗೆ ಬರೆದಿಟ್ಟರೆ ಮೂವತ್ತು ಬಗೆಯ ಸಾಮಾನು ಫ್ರಿಜ್ಜಿನಲ್ಲಿ ಕೊಳೆಯುತ್ತದೆ. ಆರು ಬಗೆ ಬರೆದು ಆರೂ ಖಾಲಿಯಾದರೆ ಲಾಭ ಉಳಿಯುತ್ತದೆ. ‘ಮುಗಿದಿದೆ’ ಎಂದಾಗ ಬೇಸರಪಡಬೇಡಿ. ಉಳಿದದ್ದನ್ನು ನಾಳೆ ಬಿಸಿ ಮಾಡಿ ಕೊಡುವುದಿಲ್ಲ ಎಂದು ಅದರ ಅರ್ಥ.

ಬಿಲ್ಲಿನ ಬಗ್ಗೆ ಒಂದು ಮಾತು. ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಜಿಎಸ್‌ಟಿ ಶೇ. 5. ಮದ್ಯ ಜಿಎಸ್‌ಟಿಯ ಹೊರಗಿದೆ, ಅದಕ್ಕೆ ರಾಜ್ಯದ ತೆರಿಗೆ ಬೇರೆ. ಆದ್ದರಿಂದ ಒಂದೇ ಬಿಲ್ಲಿನಲ್ಲಿ ಎರಡು ಬಗೆಯ ತೆರಿಗೆ ಕಂಡರೆ ಮೋಸ ಎಂದುಕೊಳ್ಳಬೇಡಿ. ಆದರೆ ‘ಸರ್ವಿಸ್ ಚಾರ್ಜ್’ ಎಂಬ ಸಾಲು ಬೇರೆಯೇ. ಅದು ಸರ್ಕಾರದ ತೆರಿಗೆ ಅಲ್ಲ. ಗಿರಾಕಿಯನ್ನು ಕೇಳದೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಬಡಿಸಿದ ಹುಡುಗನಿಗೆ ಕೈಯಾರೆ ಕೊಡುವುದು ನಿಮ್ಮ ಇಷ್ಟ, ಅದನ್ನು ನಾವು ಬೇಡ ಎನ್ನುವುದಿಲ್ಲ.

ಮಬ್ಬು ವೈನಿನ ಸಂಗತಿ

ವೈನಿನ ವಿಷಯ ಸಂಘದ ಪತ್ರಿಕೆಯಲ್ಲಿ ಬೇಕೆ ಎಂದು ಸಮಿತಿಯಲ್ಲಿ ಒಬ್ಬರು ಕೇಳಿದರು. ಕುಡಿಯಿರಿ ಎಂದು ಯಾರಿಗೂ ಹೇಳುತ್ತಿಲ್ಲ. ಆದರೆ ಎದುರು ತಂದಿಟ್ಟ ವಸ್ತು ಏನೆಂದು ಗೊತ್ತಿದ್ದರೆ ಬೇಡ ಎನ್ನುವುದಕ್ಕೂ ಒಂದು ತೂಕ ಬರುತ್ತದೆ.

ದೋಸೆ ಹಿಟ್ಟಿನಿಂದಲೇ ಹೊರಡೋಣ. ಅಕ್ಕಿ, ಉದ್ದು ನೆನೆಸಿ ರುಬ್ಬಿಟ್ಟರೆ ಬೆಳಿಗ್ಗೆ ಹಿಟ್ಟು ಉಬ್ಬಿ ಹುಳಿ ಬಂದಿರುತ್ತದೆ. ನಾವು ಅದಕ್ಕೆ ಯಾವ ಪುಡಿಯನ್ನೂ ಹಾಕುವುದಿಲ್ಲ. ಉದ್ದಿನಬೇಳೆ, ಅಕ್ಕಿಗಳ ಮೇಲೆ ಮೊದಲೇ ಇರುವ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುತ್ತವೆ. ರಾಗಿ ಅಂಬಲಿ ರಾತ್ರಿ ಕಳೆದು ಹುಳಿಯಾಗುವುದೂ ಹೀಗೆಯೇ. ಚಳಿಗಾಲದಲ್ಲಿ ಹಿಟ್ಟು ಬರುವುದು ತಡ, ಬೇಸಿಗೆಯಲ್ಲಿ ಹದ್ದು ಮೀರುತ್ತದೆ. ಒಂದು ಮನೆಯ ಹಿಟ್ಟಿನ ಹುಳಿ ಇನ್ನೊಂದು ಮನೆಯದರಂತೆ ಇರುವುದಿಲ್ಲ. ಅಂಗಡಿಯ ಪ್ಯಾಕೆಟ್ ಹಿಟ್ಟಾದರೋ ಮೂಕಂಡಪಲ್ಲಿಯಲ್ಲಿ ಕೊಂಡರೂ ಮಾರತ್ತಹಳ್ಳಿಯಲ್ಲಿ ಕೊಂಡರೂ ಒಂದೇ ಅಳತೆ.

ವೈನಿನಲ್ಲೂ ಇದೇ ಎರಡು ದಾರಿ. ದ್ರಾಕ್ಷಿಯ ಸಿಪ್ಪೆಯ ಮೇಲೆ ಮತ್ತು ಹುದುಗಿಸುವ ಮನೆಯಲ್ಲಿ ತಾನಾಗಿ ಇರುವ ಯೀಸ್ಟು ರಸದ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಕಾರ್ಖಾನೆಯ ಪದ್ಧತಿಯಲ್ಲಿ ಅದನ್ನು ನಂಬದೆ, ಗಂಧಕದ ಸಂಯುಕ್ತ ಹಾಕಿ ಅಡಗಿಸಿ, ಆಯ್ದ ಯೀಸ್ಟನ್ನು ಪೊಟ್ಟಣದಿಂದ ಸೇರಿಸುತ್ತಾರೆ. ಬಣ್ಣ ತಿಳಿಯಾಗಿಸುತ್ತಾರೆ, ಸೋಸುತ್ತಾರೆ, ಕೆಡದಂತೆ ಮತ್ತೆ ಗಂಧಕ ಸೇರಿಸುತ್ತಾರೆ. ‘ನೈಸರ್ಗಿಕ ವೈನ್’ ಎನ್ನುವವರು ಇವುಗಳಲ್ಲಿ ಬಹುಪಾಲನ್ನು ಬಿಡುತ್ತಾರೆ. ರಾಸಾಯನಿಕ ಸಿಂಪಡಿಸದ ದ್ರಾಕ್ಷಿ, ಅದರದ್ದೇ ಯೀಸ್ಟು, ಸೋಸದ ರಸ, ಗಂಧಕ ಇಲ್ಲ ಅಥವಾ ಬಹಳ ಕಡಿಮೆ. ಅದಕ್ಕೇ ಅದು ಮಬ್ಬು, ಅದಕ್ಕೇ ಕೆಲವೊಮ್ಮೆ ಹುಳಿ ಮಜ್ಜಿಗೆಯ ವಾಸನೆ.

ಫ್ರಾನ್ಸಿನ ಬೋಜೊಲೆ ಸೀಮೆಯ ಜೂಲ್ ಶೋವೆ ಎಂಬ ರಸಾಯನಶಾಸ್ತ್ರ ಬಲ್ಲ ವೈನ್ ವ್ಯಾಪಾರಿ ಗಂಧಕವಿಲ್ಲದೆ ವೈನ್ ಮಾಡುವ ಕ್ರಮವನ್ನು ಅಭ್ಯಾಸ ಮಾಡಿದರು. 1980ರ ದಶಕದಲ್ಲಿ ಅಲ್ಲಿನ ಕೆಲವು ಬೆಳೆಗಾರರು ಅವರ ದಾರಿ ಹಿಡಿದರು. ಅಲ್ಲಿಂದ ಇದು ಪ್ಯಾರಿಸ್ಸಿನ ಸಣ್ಣ ಬಿಸ್ಟ್ರೋಗಳಿಗೆ ಬಂತು. ಬಿಸ್ಟ್ರೋಗೂ ಈ ವೈನಿಗೂ ನಂಟು ಬೆಳೆದದ್ದು ಹೀಗೆ. ಎರಡೂ ಸಣ್ಣ ಪ್ರಮಾಣದವು, ಎರಡೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ‘ನೈಸರ್ಗಿಕ’ ಎಂಬ ಮಾತಿಗೆ ಬಹುಕಾಲ ಯಾವ ಕಾನೂನಿನ ವ್ಯಾಖ್ಯೆಯೂ ಇರಲಿಲ್ಲ. 2020ರಲ್ಲಿ ಫ್ರಾನ್ಸಿನಲ್ಲಿ ಒಂದು ಗುರುತಿನ ಚೀಟಿ ಬಂದಿದೆ, ಅದರ ಪ್ರಕಾರ ಗಂಧಕ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಾಧಾರಣ ಕೆಂಪು ವೈನಿಗೆ ಯೂರೋಪಿನ ಮಿತಿ 150. ಪೂರ್ತಿ ಸೊನ್ನೆ ಎಂಬುದು ಯಾವ ವೈನಿನಲ್ಲೂ ಇರುವುದು ಕಷ್ಟ, ಹುದುಗುವಾಗ ಸ್ವಲ್ಪ ತಾನಾಗಿಯೇ ಹುಟ್ಟುತ್ತದೆ.

ಇದಕ್ಕಿಂತ ಹಳೆಯ ದಾರಿ ಜಾರ್ಜಿಯಾ ದೇಶದ್ದು. ಅಲ್ಲಿ ದೊಡ್ಡ ಮಣ್ಣಿನ ಗುಡಾಣವನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು ಅದರಲ್ಲಿ ದ್ರಾಕ್ಷಿ ಹುದುಗಿಸುತ್ತಾರೆ. ‘ಕ್ವೆವ್ರಿ’ ಎಂದು ಅದರ ಹೆಸರು, 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿತು. ಇದನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ಊರುಗಳ ರಾಗಿ ಹಗೇವು. ನೆಲದಡಿಯ ತಂಪು ಒಂದೇ ಮಟ್ಟದಲ್ಲಿರುತ್ತದೆ ಎಂಬ ಉಪಾಯ ಅಲ್ಲಿ ದ್ರಾಕ್ಷಾರಸಕ್ಕೆ ಬಂತು, ಇಲ್ಲಿ ಕಾಳಿಗೆ ಬಂತು. ಮುಚ್ಚಳ ತೆಗೆದ ಕೂಡಲೇ ಯಾರೂ ಇಳಿಯಬಾರದು, ಒಳಗಿನ ಗಾಳಿ ಉಸಿರು ಕಟ್ಟಿಸುತ್ತದೆ ಎಂದು ಹಿರಿಯರು ಎಚ್ಚರಿಸುತ್ತಿದ್ದರು. ವೈನ್ ಹುದುಗಿಸುವ ಮನೆಗಳಲ್ಲೂ ಅದೇ ಎಚ್ಚರಿಕೆ, ಅದೇ ಇಂಗಾಲದ ಡೈಆಕ್ಸೈಡು.

ನಮ್ಮ ಕಡೆಯ ದ್ರಾಕ್ಷಿಯನ್ನು ಮರೆಯಬಾರದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಬೀಜ ಉಗುಳಿಕೊಂಡು ತಿನ್ನುತ್ತಿದ್ದ, ನಾಲಿಗೆ ನೀಲಿಯಾಗುತ್ತಿದ್ದ ಆ ಹಣ್ಣೇ. ಅದರಿಂದ ಜ್ಯೂಸು, ಜಾಮು ಮತ್ತು ಸಿಹಿ ವೈನ್ ಆಗುತ್ತದೆ. ಯೂರೋಪಿನ ತಳಿಗಳನ್ನು ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಕಡೆ ಬೆಳೆಸಿ ವೈನ್ ಮಾಡಿದವರು ಗ್ರೋವರ್ ಕುಟುಂಬದವರು, 1988ರಲ್ಲಿ ಕಂಪನಿ ಕಟ್ಟಿದರು. ಕರ್ನಾಟಕ ಸರ್ಕಾರ 2007ರಲ್ಲಿ ವೈನ್ ನೀತಿ ತಂದಿತು. ಅದೇ 2007ರಲ್ಲಿ ಸಾರಾಯಿ ನಿಷೇಧವಾಯಿತು. ಒಂದೇ ವರ್ಷ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದರು, ಒಳಗೆ ಹೋಗುವ ಜನ ಮಾತ್ರ ಬೇರೆ.

ಆದರೆ ನಮ್ಮ ಮಳೆ, ತೇವದಲ್ಲಿ ದ್ರಾಕ್ಷಿ ಬಳ್ಳಿಗೆ ಬೂಜುರೋಗ ಸುಲಭವಾಗಿ ಹತ್ತುತ್ತದೆ, ಔಷಧಿ ಹೊಡೆಯದೆ ಬೆಳೆಯುವುದು ಬಹಳ ಕಷ್ಟ. ಹಾಗಾಗಿ ಬಿಸ್ಟ್ರೋಗಳಲ್ಲಿ ಕಾಣುವ ನೈಸರ್ಗಿಕ ವೈನ್ ಹೆಚ್ಚಾಗಿ ಹೊರದೇಶದ್ದು. ವಿದೇಶೀ ವೈನಿನ ಮೇಲೆ ಆಮದು ಸುಂಕವೇ ಬಹುಕಾಲ ಶೇ. 150 ಇತ್ತು. ಗಂಧಕವಿಲ್ಲದ ವೈನ್ ಬಿಸಿಲು ತಾಗಿದರೆ ಕೆಡುತ್ತದೆ, ಹಡಗಿನಿಂದ ಮೇಜಿನವರೆಗೆ ತಂಪಿನಲ್ಲೇ ಬರಬೇಕು. ಒಂದು ಲೋಟದ ಬೆಲೆ ಕೇಳಿ ಎದೆ ಧಸಕ್ಕೆಂದರೆ ಕಾರಣ ಇಷ್ಟು.

ಸಸ್ಯಾಹಾರಿ ಸದಸ್ಯರು ಒಂದು ವಿಷಯ ತಿಳಿದಿರಬೇಕು. ವೈನನ್ನು ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿಯನ್ನೋ ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನೋ ಬಳಸುತ್ತಾರೆ. ‘ದ್ರಾಕ್ಷಿ ರಸ ತಾನೇ’ ಎಂದು ಒಪ್ಪಿಕೊಳ್ಳುವ ಮುನ್ನ ಕೇಳಿ. ನೈಸರ್ಗಿಕ ವೈನಿನಲ್ಲಿ ಸಾಧಾರಣವಾಗಿ ಈ ಕೆಲಸವನ್ನೇ ಮಾಡುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಲೋಟ ಮುಟ್ಟಬೇಡಿ. ನೈಸರ್ಗಿಕ ಎಂದರೆ ಆರೋಗ್ಯಕ್ಕೆ ಒಳ್ಳೆಯದು ಎಂದು ಅರ್ಥವಲ್ಲ. ಅದರಲ್ಲೂ ಮದ್ಯಸಾರ ಶೇ. 11-13ರ ಸುಮಾರಿಗೆ ಇರುತ್ತದೆ. ಯಾವ ಪ್ರಮಾಣದ ಮದ್ಯವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಬೇಡವೆಂದರೆ ‘ಬೇಡಪ್ಪ, ಕೋಕಂ ಇದ್ದರೆ ಕೊಡಿ’ ಎನ್ನಿ. ಇಂಥ ಕಡೆ ಮದ್ಯವಿಲ್ಲದ ಪಾನಕಗಳನ್ನೂ ಶ್ರದ್ಧೆಯಿಂದಲೇ ಮಾಡಿರುತ್ತಾರೆ, ಯಾರೂ ಕೀಳಾಗಿ ನೋಡುವುದಿಲ್ಲ.

ಗಡಿಯ ಈಚೆ ಇರುವ ನಮಗೆ

ನಮ್ಮ ಮಕ್ಕಳು ಮರೆಯುವುದು ಇದನ್ನು. ಬೆಂಗಳೂರಿನಿಂದ ಹೊಸೂರು ಸುಮಾರು 40 ಕಿಲೋಮೀಟರು, ಆದರೆ ಅತ್ತಿಬೆಲೆ ದಾಟಿದರೆ ಕಾನೂನು ಬೇರೆ. ಉಳಿದ ಬಾಟಲಿಯನ್ನು ‘ಪ್ಯಾಕ್ ಮಾಡಿ’ ಎಂದು ಡಿಕ್ಕಿಯಲ್ಲಿಟ್ಟುಕೊಂಡು ಬರುವುದು ಬೇಡ. ಪರವಾನಗಿ ಇಲ್ಲದೆ ಬೇರೆ ರಾಜ್ಯದ ಮದ್ಯವನ್ನು ತಮಿಳುನಾಡಿಗೆ ತರುವುದು ಮದ್ಯನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ 1937ರದು, ಅದರ ಹಿಂದಿರುವವರು ನಮ್ಮ ನೆರೆಯವರೇ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದಾಗ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಆರಂಭಿಸಿದರು. ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿತ್ತು. ಅಂದರೆ ತಮ್ಮ ಹುಟ್ಟೂರಿನಿಂದಲೇ ಶುರು ಮಾಡಿದಂತಾಯಿತು. ಹೆಂಡದ ಆದಾಯ ಹೋದುದನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ತಂದರು. ಇವತ್ತು ಹೋಟೆಲಿನ ಬಿಲ್ಲಿನ ಕೆಳಗೆ ಕಾಣುವ ತೆರಿಗೆಯ ಸಾಲಿಗೆ ಅದೂ ಒಬ್ಬ ಪೂರ್ವಜ.

ಇನ್ನೊಂದು: ಗಾಡಿ ಓಡಿಸುವವರು ಒಂದು ಗುಟುಕೂ ಕುಡಿಯಬಾರದು. ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿದರೆ ಮೊದಲ ಸಲವೇ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದುಡ್ಡಿನ ಮಾತು ಹಾಗಿರಲಿ. ರಾತ್ರಿ ಹೊತ್ತು ಆ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಬರುವ ಮಕ್ಕಳಿಗೋಸ್ಕರ ಬಾಗಿಲಲ್ಲಿ ನಿಂತು ಕಾದವರಿಗೆ ನಾವು ಹೆಚ್ಚು ಹೇಳಬೇಕಿಲ್ಲ.

ಅವರೆ ಊಟದ ವಿಷಯ

ಈಗ ನಮ್ಮ ಸ್ವಂತ ‘ಬಿಸ್ಟ್ರೋ’ಗೆ ಬರೋಣ. ಸಂಕ್ರಾಂತಿಯ ಹತ್ತಿರದ ಭಾನುವಾರ ಮುದ್ದೆ, ಹಿತಕಿದ ಬೇಳೆ ಸಾರು, ಅವರೆಕಾಳಿನ ಉಪ್ಪಿಟ್ಟು ಮಾಡಿ ಬಡಿಸುವ ಪದ್ಧತಿಯನ್ನು ಸಂಘ ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಈ ಸಲ ಅಡುಗೆ ಗುತ್ತಿಗೆಯವರು ಒಂದು ಸಲಹೆ ಮುಂದಿಟ್ಟಿದ್ದಾರೆ: ‘ಜನವರಿಗೇ ಯಾಕೆ ಕಾಯಬೇಕು? ಈಗ ಅವರೆ ವರ್ಷವೆಲ್ಲ ಸಿಗುತ್ತದೆ. ಮಕ್ಕಳಿಗೆ ರಜೆ ಇರುವ ಮೇ ತಿಂಗಳಲ್ಲಿ ಇಟ್ಟುಕೊಳ್ಳಿ, ಸುಲಿದ ಕಾಳನ್ನೇ ಪ್ಯಾಕೆಟ್ಟಿನಲ್ಲಿ ತರಿಸುತ್ತೇವೆ, ಖರ್ಚೂ ಕಡಿಮೆ.’ ಸಮಿತಿಯಲ್ಲಿ ಅರ್ಧ ಜನ ಇದಕ್ಕೆ ಒಪ್ಪಿದ್ದಾರೆ. ಅವರ ವಾದ ಸುಳ್ಳಲ್ಲ. ಜನವರಿಯಲ್ಲಿ ಸಿಪ್ಕಾಟಿನ ಕಾರ್ಖಾನೆಗಳಲ್ಲಿ ಪಾಳಿಯ ಮೇಲಿರುವ ನಮ್ಮ ಹುಡುಗರಿಗೆ ರಜೆ ಹೊಂದಿಸುವುದು ಕಷ್ಟ, ಬರುವವರ ಸಂಖ್ಯೆ ಇಳಿಯುತ್ತಿದೆ.

ಆದರೆ ವಿಷಯವನ್ನು ಪೂರ್ತಿ ತಿಳಿದು ತೀರ್ಮಾನ ಮಾಡಬೇಕೆಂದು ನಮ್ಮ ಕೋರಿಕೆ. ಹಳೆಯ ಅವರೆ ತಳಿ ಹಗಲಿನ ಉದ್ದವನ್ನು ಅಳೆಯುವ ಗಿಡ. ಮುಂಗಾರಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಬಿತ್ತುತ್ತಾರೆ. ಎಷ್ಟೇ ಬೇಗ ಬಿತ್ತಿದರೂ ಹಗಲು ಚಿಕ್ಕದಾಗುವವರೆಗೆ ಅದು ಹೂ ಬಿಡುವುದಿಲ್ಲ. ರಾಗಿ ಕೊಯ್ಲಾದ ಮೇಲೆ ಹೊಲ ಅದರದ್ದೇ. ಹಿಮ ಬೀಳುವ ಡಿಸೆಂಬರ್, ಜನವರಿಯಲ್ಲಿ ಕಾಯಿ ತುಂಬುತ್ತದೆ. ಆ ಕಾಯಿಯ ಸಿಪ್ಪೆಯ ಮೇಲೆ ಬೆರಳಿಗೆ ಅಂಟುವ ಎಣ್ಣೆಯಂಥ ಜಿಡ್ಡು ಇರುತ್ತದೆಯಲ್ಲ, ಸೊಗಡು ಎನ್ನುವುದು ಅದನ್ನೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಎಂಬ ತಳಿಗಳನ್ನು ಬಿಡುಗಡೆ ಮಾಡಿದ್ದಾರೆ. ಅವಕ್ಕೆ ಹಗಲಿನ ಲೆಕ್ಕವಿಲ್ಲ, ಗಿಡ ಗಿಡ್ಡ, ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ. ರೈತನಿಗೆ ಅದರಿಂದ ಒಳ್ಳೆಯದೇ ಆಗಿದೆ, ನಾವು ದೂರುವುದಿಲ್ಲ. ಆದರೆ ಬೇಸಿಗೆಯ ಕಾಯಿಯನ್ನು ಸುಲಿದು ಬೆರಳು ಮೂಸಿ ನೋಡಿದವರಿಗೆ ವ್ಯತ್ಯಾಸ ಗೊತ್ತು. ಬೆಂಗಳೂರಿನಲ್ಲಿ ಅವರೆಬೇಳೆ ಮೇಳಕ್ಕೆ ಜನ ಮುಗಿಬೀಳುವುದು ಜನವರಿಯಲ್ಲೇ, ಮೇ ತಿಂಗಳಲ್ಲಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ನಮಗೆ ಕಾಯಿ ಕೊಡುತ್ತಿದ್ದ ರೈತರು ತಳಿ ರಸ್ತೆಯ ಕಡೆಯವರು, ನಾಲ್ಕು ಮನೆಯವರು. ಒಬ್ಬರ ಹೊಲ ಸೈಟುಗಳಾಗಿದೆ. ಇನ್ನೊಬ್ಬರು ಪಾಲಿಹೌಸ್ ಹಾಕಿ ಗುಲಾಬಿಗೆ ಹೋದರು. ಹೊಸೂರಿನ ಗುಲಾಬಿಗೆ ಫೆಬ್ರವರಿಯಲ್ಲಿ ಬರುವ ಬೆಲೆ ಅವರೆಗೆ ಎಂದೂ ಬಾರದು, ತಪ್ಪು ಎಂದು ಹೇಗೆ ಹೇಳುವುದು? ಉಳಿದವರು ಇಬ್ಬರು. ಅವರು ಮನೆಯ ಬಿತ್ತನೆ ಬೀಜವನ್ನೇ ಇಟ್ಟುಕೊಂಡು ರಾಗಿಯ ಜೊತೆ ಬೆಳೆಯುತ್ತಿದ್ದಾರೆ. ಅವರಲ್ಲಿ ಹಿರಿಯರು ಕಳೆದ ವಾರ ನೇರವಾಗಿ ಕೇಳಿದರು: ‘ಸ್ವಾಮಿ, ನೀವು ತಗೊಳ್ತೀರಿ ಅಂದ್ರೆ ಬರೋ ವರ್ಷಾನೂ ಅಕ್ಕಡಿ ಬಿಡ್ತೀನಿ. ಇಲ್ಲಾಂದ್ರೆ ಕೂಲಿ ಕೊಟ್ಟು ಕುಯ್ಸಿ ಮಂಡೀಗೆ ಸುರಿಯೋಕೆ ನನ್ ಕೈಲಾಗಲ್ಲ.’ ಅವರು ಬಿಟ್ಟರೆ ಬೀಜವೂ ಹೋಯಿತು. ಆ ಬೀಜ ಅಂಗಡಿಯಲ್ಲಿ ಸಿಗುವುದಿಲ್ಲ.

ಬೆಂಗಳೂರಿನ ಬಿಸ್ಟ್ರೋದವರು ನಮ್ಮ ಮಕ್ಕಳಿಂದ ಹೆಚ್ಚು ದುಡ್ಡು ತೆಗೆದುಕೊಂಡು ಮಾಡುತ್ತಿರುವುದು ಇದನ್ನೇ. ‘ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ’ ಎಂದು ರೈತನಿಗೆ ಮುಂಚಿತವಾಗಿ ಮಾತು ಕೊಡುವುದು. ಅದನ್ನು ಸಂಘ ಇಷ್ಟು ವರ್ಷ ಹೆಸರಿಲ್ಲದೆ ಮಾಡಿಕೊಂಡು ಬಂದಿದೆ.

ಲೆಕ್ಕ ಹೀಗಿದೆ. ಕಾಯಿ ಸುಲಿದರೆ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಕಾಳು, ನೆನೆಸಿ ಹಿತಕಿದರೆ ಇನ್ನೂ ಕಡಿಮೆ. ನಮ್ಮ ಹಿಂದಿನ ಖರ್ಚಿನ ಪುಸ್ತಕದ ಪ್ರಕಾರ 120 ಜನರಿಗೆ 50 ಕಿಲೋ ಕಾಯಿ ಬೇಕಾಗುತ್ತದೆ. ಇಬ್ಬರು ರೈತರೂ ಸೇರಿ ಅಷ್ಟನ್ನು ಕೊಡಬಲ್ಲರು. ಪ್ಯಾಕೆಟ್ ಕಾಳಿಗೆ ಹೋಲಿಸಿದರೆ ಊಟವೊಂದಕ್ಕೆ ಬೀಳುವ ಹೆಚ್ಚುವರಿ ಖರ್ಚು ಒಂದು ಕಾಫಿಯ ಬೆಲೆಯಷ್ಟು. ಆದರೆ 120 ಜನ ಬರುತ್ತಾರೆಂದು ಹೇಳಿ 60 ಜನ ಬಂದರೆ ಕಾಯಿ ಉಳಿಯುತ್ತದೆ, ಸಂಘದ ನಿಧಿಗೆ ಪೆಟ್ಟು. ಆದ್ದರಿಂದ ಈ ಸಲ ಬಾಯಿಮಾತಿನ ‘ಬರ್ತೀವಿ ಬಿಡಿ’ ಸಾಲದು.

ಸದಸ್ಯರು ದಯವಿಟ್ಟು ಡಿಸೆಂಬರ್ 15ರೊಳಗೆ ತಮ್ಮ ಮನೆಯಿಂದ ಎಷ್ಟು ಜನ ಎಂದು ಹೆಸರು ಬರೆಸಿ, ಊಟದ ಹಣದ ಅರ್ಧವನ್ನು ಮುಂಗಡವಾಗಿ ಖಜಾಂಚಿಯವರಲ್ಲಿ ಕಟ್ಟಿ ರಸೀದಿ ಪಡೆಯಬೇಕು. 90 ಹೆಸರು ಬಂದರೆ ಜನವರಿಯಲ್ಲೇ, ಸೊಗಡಿನ ಕಾಯಿಯಲ್ಲೇ ಊಟ ಎಂದು ಸಮಿತಿ ಒಪ್ಪಿದೆ. ಬಾರದಿದ್ದರೆ ಗುತ್ತಿಗೆಯವರ ಸಲಹೆಯಂತೆ ಮೇ ತಿಂಗಳಿಗೆ ಹೋಗುತ್ತದೆ. ಪಾಳಿಯ ಕೆಲಸದವರಿಗಾಗಿ ಊಟವನ್ನು ಮಧ್ಯಾಹ್ನ 12ರಿಂದ 4ರವರೆಗೆ ಇಡಲು ಯೋಚಿಸಿದ್ದೇವೆ, ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬರಬಹುದು. ಬೆಂಗಳೂರಿನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆತನ್ನಿ, ಅವರ ಹೆಸರನ್ನೂ ಎಣಿಕೆಯಲ್ಲಿ ಸೇರಿಸಿ.

ಕಾಯಿ ಶನಿವಾರ ಬೆಳಿಗ್ಗೆ ಬರುತ್ತದೆ. ಸುಲಿಯುವುದಕ್ಕೆ ಹತ್ತು ಜನ, ಸಂಜೆ ಹಿತಕುವುದಕ್ಕೆ ಹದಿನೈದು ಜನ ಬೇಕು. ಮಂಡಿನೋವಿನವರಿಗೆ ಕುರ್ಚಿ ಇರುತ್ತದೆ. ಹಿತಕಲು ಬಾರದ ಹುಡುಗರೂ ಬರಬಹುದು, ಒಂದು ಬೊಗಸೆ ಕಾಳು ನೆಲಕ್ಕೆ ಚಿಮ್ಮಿಸುವುದರೊಳಗೆ ಕಲಿಯುತ್ತಾರೆ.

ಕಾರ್ಯದರ್ಶಿ